ಹದಿನಾರೋ, ಹದಿನೇಳೋ, ಹದಿನೆಂಟೋ: ಕರಾವಳಿಯ ರಸ್ತೆಗೆ ಚಕ್ರ ಆರಿಸುವುದು

ಕಾರಿಗೆ ಹೊಸ ಅಲಾಯ್ ಹಾಕಿಸಬೇಕು, ಎಷ್ಟು ಇಂಚಿನದ್ದು ಹಾಕಿಸಲಿ ಎಂದು ಕೇಳುವವರಿಗೆ ನಾನು ಮೊದಲು ಕೊಡುವುದು ಒಂದು ಸಣ್ಣ ಕೆಲಸ. ಕಾರಿನ ಬಳಿ ಹೋಗಿ ಚಾಲಕನ ಬದಿಯ ಬಾಗಿಲು ತೆರೆಯಿರಿ. ಬಾಗಿಲ ಚೌಕಟ್ಟಿನ ಮೇಲೋ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಬರೆದಿರುವುದನ್ನು ಬರೆದುಕೊಂಡು ಬನ್ನಿ. ಕಂಪೆನಿಯವರು ಆ ಕಾರಿಗೆಂದೇ ಲೆಕ್ಕ ಹಾಕಿ ಕೊಟ್ಟ ಟಯರಿನ ಅಳತೆ ಮತ್ತು ಗಾಳಿಯ ಒತ್ತಡ ಅಲ್ಲಿರುತ್ತವೆ. ಹಲವು ಕಾರುಗಳಿಗೆ ಕಂಪೆನಿಯೇ ಒಪ್ಪಿದ ಒಂದಕ್ಕಿಂತ ಹೆಚ್ಚು ಅಳತೆಗಳೂ ಅಲ್ಲೇ ಸಿಗುತ್ತವೆ. ಮುಂದಿನ ಮಾತೆಲ್ಲ ಆ ಸ್ಟಿಕ್ಕರಿನಿಂದಲೇ ಹೊರಡಬೇಕು, ಅಂಗಡಿಯ ಗೋಡೆಗೆ ನೇತುಹಾಕಿದ ಹೊಳೆಯುವ ರಿಮ್ಮಿನಿಂದಲ್ಲ.

ಸ್ಪೋರ್ಟ್ಸ್ ಕಾರು ಎಂದರೆ ಯಾವುದು ಎಂಬುದನ್ನೂ ಇಲ್ಲೇ ಮಾತಾಡಿ ಮುಗಿಸೋಣ. ಪೋರ್ಷೆ 911, ಫೋರ್ಡ್ ಮಸ್ಟಾಂಗ್ ಬಿಟ್ಟರೆ ಬೇರೇನೂ ಅಲ್ಲ ಎಂದು ಹಠ ಹಿಡಿದರೆ ಉಡುಪಿ ಜಿಲ್ಲೆಯಲ್ಲಿ ನಮಗೆ ಪಾಠ ಮಾಡಲು ಕಾರುಗಳೇ ಸಾಲವು. ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಸಂಜೆ ನಿಂತರೆ ಕಾಣುವ ವೇಗದ ಕಾರುಗಳು ಬೇರೆ: ಹಳೆಯ ಪೋಲೋ ಜಿಟಿ ಟಿಎಸ್‌ಐ, ಐ20 ಎನ್ ಲೈನ್, ವರ್ಟಸ್ ಜಿಟಿ, ಸ್ಲಾವಿಯಾ, ಅಲ್ಲೊಂದು ಇಲ್ಲೊಂದು ಆಕ್ಟೇವಿಯಾ ಆರ್‌ಎಸ್, ನಡುವೆ ಒಮ್ಮೊಮ್ಮೆ ಬಿಎಂಡಬ್ಲ್ಯು. ಚಕ್ರದ ಗಣಿತ ಎಲ್ಲದಕ್ಕೂ ಒಂದೇ. ಉದಾಹರಣೆಗೆ ವರ್ಟಸ್ ಜಿಟಿಯನ್ನು ಇಟ್ಟುಕೊಳ್ಳುತ್ತೇನೆ. 2022ರಲ್ಲಿ ಬಂದ ಕಾರು, ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ಅದರ ಟಯರಿನ ಪಕ್ಕೆಯ ಮೇಲೆ 205/55 ಆರ್ 16 ಎಂದಿದೆ. 205 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 16 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಆರ್ ಅಕ್ಷರ ರೇಡಿಯಲ್ ಟಯರ್ ಎಂದು ಸೂಚಿಸುತ್ತದೆ, ಅಷ್ಟೆ. ಹೊಸಬರು ಎಡವುವುದು ನಡುವಿನ 55ರಲ್ಲಿ. ಅದು ಮಿಲಿಮೀಟರ್ ಅಲ್ಲ, ಶೇಕಡಾ. ರಿಮ್ಮಿನ ಅಂಚಿನಿಂದ ನೆಲದವರೆಗಿನ ರಬ್ಬರಿನ ಎತ್ತರ, ಅಂದರೆ ಸೈಡ್‌ವಾಲ್, ಅಗಲದ ಶೇ 55ರಷ್ಟು ಎಂದರ್ಥ. 205ರ ಶೇ 55 ಎಂದರೆ ಸುಮಾರು 113 ಮಿ.ಮೀ. ಹಾಗಾಗಿ ಅಗಲ ಬದಲಾದರೆ 55 ಎಂಬ ಅಂಕೆ ಹಾಗೇ ಇದ್ದರೂ ಎತ್ತರ ಬದಲಾಗುತ್ತದೆ. ಇದೊಂದು ಮನಸ್ಸಿನಲ್ಲಿ ಕೂತರೆ ಅರ್ಧ ಪಾಠ ಮುಗಿದಂತೆ.

ಈಗ ಇಡೀ ಚಕ್ರದ ಎತ್ತರ ತೆಗೆಯೋಣ. 16 ಇಂಚನ್ನು 25.4ರಿಂದ ಗುಣಿಸಿದರೆ 406.4 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ ಒಟ್ಟು ಸುಮಾರು 632 ಮಿ.ಮೀ. ಈ 632 ನಿಮ್ಮ ಕಾರಿನ ಮೂಲ ಅಂಕೆ. ಸ್ಪೀಡೋಮೀಟರ್, ಎಬಿಎಸ್, ಗೇರುಗಳ ಲೆಕ್ಕ ಎಲ್ಲವೂ ಇದನ್ನು ನಂಬಿಕೊಂಡು ಕೆಲಸ ಮಾಡುತ್ತವೆ. ರಿಮ್ ದೊಡ್ಡದು ಮಾಡುವುದಾದರೆ ರಬ್ಬರ್ ಅಷ್ಟೇ ಚಿಕ್ಕದಾಗಿ, ಹೊರವ್ಯಾಸ ಈ ಅಂಕೆಯ ಹತ್ತಿರವೇ ಉಳಿಯಬೇಕು. ಶೇ 2ರ ಒಳಗಿದ್ದರೆ ನೆಮ್ಮದಿ, ಶೇ 3 ದಾಟಿದರೆ ಬೇಡ.

17 ಇಂಚಿಗೆ ಹೋದರೆ 225/45 ಆರ್ 17 ಹಾಕಬಹುದು: ಹೊರವ್ಯಾಸ 634.3, ವ್ಯತ್ಯಾಸ ಶೇ ಅರ್ಧಕ್ಕೂ ಕಡಿಮೆ. 205/50 ಆರ್ 17 ಹಾಕಿದರೆ 636.8, ಅದೂ ಸರಿ. ಆದರೆ 215/50 ಆರ್ 17 ಹಾಕಿದರೆ 646.8, ಶೇ 2.4ರಷ್ಟು ಹೆಚ್ಚು. ಆಗ ಮೊದಲು ಗಂಟೆಗೆ 100 ಕಿ.ಮೀ. ಎಂದು ಮುಳ್ಳು ತೋರಿಸುತ್ತಿದ್ದ ಜಾಗದಲ್ಲಿ ಕಾರು ಮೊದಲಿಗಿಂತ ಶೇ 2.4ರಷ್ಟು ಜೋರಾಗಿ ಓಡುತ್ತಿರುತ್ತದೆ. ಕಂಪೆನಿಯವರು ಸ್ಪೀಡೋಮೀಟರನ್ನು ನಿಜ ವೇಗಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುತ್ತಾರೆ, ಕಡಿಮೆ ತೋರಿಸಬಾರದು ಎಂಬುದು ನಿಯಮ. ದೊಡ್ಡ ಟಯರ್ ಹಾಕಿದವರು ಆ ಅಂತರವನ್ನು ತಾವೇ ತಿಂದುಹಾಕುತ್ತಾರೆ. 18 ಇಂಚಿಗೆ 225/40 ಆರ್ 18, ಹೊರವ್ಯಾಸ 637.2. ಆಕ್ಟೇವಿಯಾ ಆರ್‌ಎಸ್‌ಗೆ ಕಂಪೆನಿಯೇ ಹಿಂದೆ ಕೊಡುತ್ತಿದ್ದ ಅಳತೆಯಿದು. ಕಾಗದದ ಮೇಲೆ ವರ್ಟಸ್ಸಿಗೂ ಲೆಕ್ಕ ಸರಿಹೋಗುತ್ತದೆ.

ಕಾಗದದ ಮೇಲೆ ಎಂದೆ. ಇನ್ನು ರಸ್ತೆಗೆ ಇಳಿಯೋಣ.

16ರಲ್ಲಿ ಸೈಡ್‌ವಾಲ್ 113 ಮಿ.ಮೀ. ಇತ್ತು. 17ಕ್ಕೆ ಬಂದಾಗ 101. 18ಕ್ಕೆ ಬಂದಾಗ 90. ಹೊಂಡಕ್ಕೆ ಚಕ್ರ ಬಿದ್ದಾಗ ರಿಮ್ಮಿಗೂ ಹೊಂಡದ ಅಂಚಿಗೂ ನಡುವೆ ಇರುವುದು ಈ ರಬ್ಬರು ಮತ್ತು ಅದರೊಳಗಿನ ಗಾಳಿ ಮಾತ್ರ. ಕಾಪುವಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೇಸಗೆಯಲ್ಲಿ ಓಡಿಸುವವನಿಗೆ 90 ಮಿ.ಮೀ. ಸಾಕು ಎನಿಸೀತು. ಅದೇ ಮನುಷ್ಯ ಜುಲೈಯಲ್ಲಿ ಪಡುಬಿದ್ರಿಯಿಂದ ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗಲಿ. ಅಥವಾ ಮಣಿಪಾಲದಿಂದ 169ಎ ಹಿಡಿದು ಪರ್ಕಳ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಲಿ. ನಮ್ಮ ಮಳೆಗಾಲದ ಹೊಂಡದ ಕೆಟ್ಟ ಗುಣವೆಂದರೆ ಅದು ನೀರು ತುಂಬಿಕೊಂಡು ರಸ್ತೆಯ ಸಮಕ್ಕೆ ನಿಂತಿರುತ್ತದೆ. ಆಳ ಗೊತ್ತಾಗುವುದು ಬಿದ್ದ ಮೇಲೆಯೇ. ಡಾಂಬರಿನ ಅಂಚು ಕಿತ್ತು ಚೂಪಾಗಿರುತ್ತದೆ. ತೆಳ್ಳಗಿನ ಟಯರ್ ಅಂಥ ಅಂಚಿಗೆ ಬಡಿದಾಗ ರಿಮ್ಮಿಗೂ ಡಾಂಬರಿಗೂ ನಡುವೆ ಸಿಕ್ಕಿ ಅದರೊಳಗಿನ ನೂಲು ಹರಿಯುತ್ತದೆ, ಮರುದಿನ ಪಕ್ಕೆಯಲ್ಲಿ ಒಂದು ಬುಗುಟು ಎದ್ದಿರುತ್ತದೆ. ಬುಗುಟೆದ್ದ ಟಯರಿಗೆ ರಿಪೇರಿ ಇಲ್ಲ, ಬಿಸಾಡಲೇಬೇಕು. ಪಂಕ್ಚರ್ ಅಂಗಡಿಯವರು ಪ್ಯಾಚ್ ಹಾಕಿ ಕೊಡುತ್ತೇನೆ ಎಂದರೂ ಒಪ್ಪಬೇಡಿ.

ದೊಡ್ಡ ಚಕ್ರ ಎಂದರೆ ವೇಗ ಎಂದು ನಂಬಿದವರಿಗೆ ರ‍್ಯಾಲಿಯ ಕಡೆ ಕೈತೋರಿಸುತ್ತೇನೆ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಕಾರುಗಳು ನುಣುಪಾದ ಡಾಂಬರಿನ ಮೇಲೆ 18 ಇಂಚಿನ ಚಕ್ರ ಬಳಸುತ್ತವೆ. ಅದೇ ಕಾರು, ಅದೇ ಎಂಜಿನ್, ಕಲ್ಲುಮಣ್ಣಿನ ರಸ್ತೆಗೆ ಹೋಗುವಾಗ 15 ಇಂಚಿಗೆ ಇಳಿಯುತ್ತದೆ. ಅಲ್ಲಿ ಯಾರಿಗೂ ಕಾಸಿನ ಕೊರತೆಯಿಲ್ಲ, ಸೈಡ್‌ವಾಲ್ ಬೇಕು ಎಂಬುದೇ ಕಾರಣ. ಎಂಐಟಿಯ ಫಾರ್ಮುಲಾ ಮಣಿಪಾಲ್ ತಂಡದ ವಿದ್ಯಾರ್ಥಿಗಳು ಕಟ್ಟುವಂಥ ಪುಟ್ಟ ರೇಸ್ ಕಾರುಗಳ ಸ್ಪರ್ಧೆಯಲ್ಲಿ ನಿಯಮ ಕೇಳುವುದು ಕನಿಷ್ಠ 8 ಇಂಚಿನ ಚಕ್ರ; ಜಗತ್ತಿನ ಹೆಚ್ಚಿನ ತಂಡಗಳು 10 ಅಥವಾ 13 ಇಂಚಿನದ್ದನ್ನು ಹಾಕುತ್ತವೆ. ಫಾರ್ಮುಲಾ ಒನ್ ಕಾರುಗಳೂ 2021ರವರೆಗೆ 13 ಇಂಚಿನ ರಿಮ್ಮಿನ ಮೇಲೆಯೇ ಓಡಿದವು, 18ಕ್ಕೆ ಬಂದದ್ದು 2022ರಲ್ಲಿ. ಅದರ ಹಿಂದಿನ ಒಂದು ಉದ್ದೇಶ ರಸ್ತೆ ಕಾರುಗಳ ಟಯರಿಗೆ ಹತ್ತಿರವಾಗುವುದಾಗಿತ್ತು. ಅಂದರೆ ರೇಸಿನವರನ್ನು ನೋಡಿ ನಾವು ದೊಡ್ಡದು ಮಾಡಿದ್ದಲ್ಲ. ನಮ್ಮನ್ನು ನೋಡಿ ಅವರು ಮಾಡಿದರು ಎನ್ನಬಹುದು!

ಇದಕ್ಕೆ ತೂಕದ ಮಾತೂ ಸೇರುತ್ತದೆ. ರಿಮ್ ದೊಡ್ಡದಾದಷ್ಟೂ ಲೋಹ ಹೆಚ್ಚು, ಅದೂ ನಡುವಿನಿಂದ ದೂರದಲ್ಲಿ. ಸಾಧಾರಣ ಎರಕದ 16 ಇಂಚಿನ ಅಲಾಯ್ 8–9 ಕೆ.ಜಿ. ಇದ್ದರೆ 18ರದ್ದು 11–12 ಕೆ.ಜಿ. ತೂಗುವುದುಂಟು. ಸಸ್ಪೆನ್ಶನ್ನಿನ ಕೆಳಗಿರುವ ಈ ತೂಕವನ್ನು ಸ್ಪ್ರಿಂಗ್ ಹೊರುವುದಿಲ್ಲ. ಪ್ರತಿ ಉಬ್ಬಿನಲ್ಲೂ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿದು ನಿಲ್ಲಿಸಬೇಕು. ಎಂಜಿನ್ ಅದನ್ನು ತಿರುಗಿಸಬೇಕು, ಬ್ರೇಕ್ ಅದನ್ನು ನಿಲ್ಲಿಸಬೇಕು. ಹಗುರವಾದ 17, ಭಾರವಾದ 18ಕ್ಕಿಂತ ಎಲ್ಲ ರೀತಿಯಲ್ಲೂ ವೇಗದ ಚಕ್ರ. ಅಂಗಡಿಯಲ್ಲಿ ರಿಮ್ಮನ್ನು ಕೈಯಲ್ಲಿ ಎತ್ತಿ ನೋಡಲು ಸಂಕೋಚ ಬೇಡ. ತೂಕದ ಯಂತ್ರದ ಮೇಲಿಡಿ ಎಂದು ಕೇಳಿದರೂ ತಪ್ಪಿಲ್ಲ.

ಹಾಗಾದರೆ ಅಗಲವಾದ ಟಯರಿನಿಂದ ಹಿಡಿತ ಹೆಚ್ಚುವುದಿಲ್ಲವೇ? ಒಣ ರಸ್ತೆಯ ತಿರುವಿನಲ್ಲಿ ಹೆಚ್ಚುತ್ತದೆ. ಆದರೆ ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ, ಆಗುಂಬೆಯಲ್ಲಿ 7,000 ದಾಟುತ್ತದೆ. ನಿಂತ ನೀರಿನ ಮೇಲೆ ಟಯರ್ ಓಡಬೇಕಾದರೆ ತನ್ನ ಕೆಳಗಿನ ನೀರನ್ನು ಚಡಿಗಳ ಮೂಲಕ ಪಕ್ಕಕ್ಕೆ ತಳ್ಳಬೇಕು. ಟಯರ್ ಅಗಲವಾದಷ್ಟೂ ತಳ್ಳಬೇಕಾದ ನೀರು ಹೆಚ್ಚು, ಆದ್ದರಿಂದ ಅಗಲದ ಟಯರ್ ಕಡಿಮೆ ವೇಗಕ್ಕೇ ನೀರಿನ ಮೇಲೆ ತೇಲಲು ಶುರುಮಾಡುತ್ತದೆ. ಸ್ಟೇರಿಂಗ್ ಒಮ್ಮೆಲೇ ಹಗುರವಾಗುತ್ತದೆ, ಆ ಕ್ಷಣ ಕಾರು ನಿಮ್ಮ ಮಾತು ಕೇಳುವುದಿಲ್ಲ. ಚಡಿ ಸವೆದಿದ್ದರೆ ಇನ್ನೂ ಬೇಗ. ಕಾನೂನು ಕಾರಿನ ಟಯರಿಗೆ ಕನಿಷ್ಠ 1.6 ಮಿ.ಮೀ. ಚಡಿ ಸಾಕು ಎನ್ನುತ್ತದೆ. ನನ್ನ ಮಾತು ಕೇಳುವವರು ಜೂನ್ ಹೊತ್ತಿಗೆ 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಾಯಿಸುತ್ತಾರೆ. ಅದಕ್ಕೇ ನಾನು 205ರ ಕಾರಿಗೆ 225ರಾಚೆ ಹೋಗಬೇಡಿ ಎನ್ನುವುದು, 215ರಲ್ಲೇ ನಿಂತರೆ ಇನ್ನೂ ಒಳ್ಳೆಯದು. 215/45 ಆರ್ 17ರ ಹೊರವ್ಯಾಸ 625, ಮೂಲಕ್ಕಿಂತ ಶೇ 1ರಷ್ಟು ಮಾತ್ರ ಕಡಿಮೆ. ಇದರ ಸೈಡ್‌ವಾಲ್ 97 ಮಿ.ಮೀ. ಎಂಬುದನ್ನು ಮಾತ್ರ ಲೆಕ್ಕದಲ್ಲಿಟ್ಟುಕೊಳ್ಳಿ.

ನನ್ನ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದಿನ ಪಾಠ ಕೇಳುವಾಗ ನಿಮಗೆ ಗೊತ್ತಿರಲಿ. ಉಡುಪಿ, ಕಾಪು, ಕಾರ್ಕಳದ ಸುತ್ತ ವರ್ಷವಿಡೀ ಓಡುವ ಕಾರಿಗೆ ಮೂಲ ಅಳತೆಗಿಂತ ಒಂದು ಇಂಚು ಹೆಚ್ಚು, ಸೈಡ್‌ವಾಲ್ ಸುಮಾರು 100 ಮಿ.ಮೀ. ಅದಕ್ಕಿಂತ ಮುಂದೆ ಹೋಗುವುದು ನೋಟಕ್ಕಾಗಿ ಮಾತ್ರ. ನೋಟಕ್ಕೆ ಹಣ ಕೊಡುವುದು ತಪ್ಪು ಎಂದು ನಾನು ಹೇಳುವುದಿಲ್ಲ, ಅದು ಹಿಡಿತಕ್ಕೆ ಕೊಟ್ಟ ಹಣ ಎಂದು ಹೇಳಿಕೊಳ್ಳುವುದು ತಪ್ಪು.

ಇಂಚಿನ ಮಾತು ಮುಗಿಯಿತು ಎಂದುಕೊಂಡು ಅಂಗಡಿಗೆ ಓಡಬೇಡಿ. ರಿಮ್ಮಿಗೆ ಅದರದೇ ಅಳತೆಗಳಿವೆ, ಮತ್ತು ಕಾರು ಕೆಡುವುದು ಹೆಚ್ಚಾಗಿ ಇವುಗಳಿಂದ. ರಿಮ್ಮಿನ ಹಿಂಬದಿಯಲ್ಲಿ 17×7 ಜೆ, 5×100, ಇಟಿ 40 ಎಂಬಂಥ ಬರಹ ಎರಕದಲ್ಲೇ ಮೂಡಿರುತ್ತದೆ. ಇದರಲ್ಲಿ 17 ರಿಮ್ಮಿನ ವ್ಯಾಸ, 7 ಜೆ ಅದರ ಅಗಲ, ಎರಡೂ ಇಂಚಿನಲ್ಲಿ. ಉಳಿದವನ್ನು ಒಂದೊಂದಾಗಿ ನೋಡೋಣ.

5×100 ಎಂದರೆ ಐದು ಬೋಲ್ಟುಗಳ ತೂತುಗಳು 100 ಮಿ.ಮೀ. ವ್ಯಾಸದ ವೃತ್ತದ ಮೇಲಿವೆ ಎಂದು. ಅಂಗಡಿಯವರು ಇದನ್ನು ಪಿಸಿಡಿ ಎನ್ನುತ್ತಾರೆ. ಪೋಲೋ, ವರ್ಟಸ್, ಸ್ಲಾವಿಯಾಗಳದ್ದು ಇದೇ. ಸ್ವಿಫ್ಟ್, ಐ20ಗಳದ್ದು 4×100. ಆಕ್ಟೇವಿಯಾ ಆರ್‌ಎಸ್‌ನದ್ದು 5×112, ಮಸ್ಟಾಂಗಿನದ್ದು 5×114.3, 911ರದ್ದು 5×130. ಬಿಎಂಡಬ್ಲ್ಯು 3 ಸಿರೀಸ್ ಹಿಂದೆ 5×120 ಇತ್ತು, ಈಗಿನದು 5×112; ಗೆಳೆಯನ ಹಳೆಯ ಕಾರಿನ ರಿಮ್ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವ ಮುನ್ನ ಇದನ್ನು ನೋಡಿ. ಈ ಅಂಕೆಯಲ್ಲಿ ಹೆಚ್ಚುಕಡಿಮೆ ಎಂಬುದಿಲ್ಲ. ಎರಡು ಮಿ.ಮೀ. ವ್ಯತ್ಯಾಸದ ರಿಮ್ಮನ್ನೂ ಒತ್ತಿ ಬಿಗಿದರೆ ಕೂತಂತೆ ಕಾಣುತ್ತದೆ, ಆದರೆ ಬೋಲ್ಟು ಓರೆಯಾಗಿ ಸೆಳೆಯುತ್ತಿರುತ್ತದೆ.

ರಿಮ್ಮಿನ ನಟ್ಟನಡುವಿನ ದೊಡ್ಡ ತೂತಿಗೆ ಸೆಂಟರ್ ಬೋರ್ ಎನ್ನುತ್ತಾರೆ. ವರ್ಟಸ್ಸಿನ ಹಬ್ 57.1 ಮಿ.ಮೀ. ಅಂಗಡಿಯಲ್ಲಿ ಸಿಗುವ ರಿಮ್‌ಗಳನ್ನು ಹತ್ತಾರು ಕಾರುಗಳಿಗೆ ಕೂರಲಿ ಎಂದು ದೊಡ್ಡ ತೂತಿನಿಂದ, ಬಹಳಷ್ಟು ಸಲ 73.1ಕ್ಕೆ, ಮಾಡಿರುತ್ತಾರೆ. ನಡುವಿನ ಸಂದಿ ತುಂಬಲು ಹಬ್ ರಿಂಗ್ ಎಂಬ ಬಳೆ ಬೇಕು. ಕೆಲವೇ ರೂಪಾಯಿಯ ಈ ಬಳೆ ಇಲ್ಲದಿದ್ದರೆ ಚಕ್ರ ನಟ್ಟನಡುವೆ ಕೂರದೆ, ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಸ್ಟೇರಿಂಗ್ ನಡುಗುತ್ತದೆ. ಆಮೇಲೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ.

ಇಟಿ ಎಂದರೆ ಆಫ್‌ಸೆಟ್. ಇದಕ್ಕೆ ಸ್ವಲ್ಪ ಹೊತ್ತು ಕೊಡಿ, ಕಾಗದ ಪೆನ್ನು ಹಿಡಿದು ಕೂತರೆ ಇನ್ನೂ ಸುಲಭ. ಕಾರಿನ ಎದುರು ನಿಂತು ಚಕ್ರವನ್ನು ನೋಡಿದ ಹಾಗೆ ಚಿತ್ರ ಬಿಡಿಸಿ, ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ರಿಮ್ಮಿನ ಯಾವ ಮುಖ ಹಬ್ಬಿಗೆ ಒತ್ತಿ ಕೂರುತ್ತದೋ ಆ ಮುಖ ಈ ಗೆರೆಯಿಂದ ಕಾರಿನ ಹೊರಬದಿಗೆ ಎಷ್ಟು ಮಿ.ಮೀ. ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಅಂಕೆ ಹೆಚ್ಚಾದರೆ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ, ಕಡಿಮೆಯಾದರೆ ಮಡ್‌ಗಾರ್ಡಿನಿಂದ ಹೊರಕ್ಕೆ.

ಲೆಕ್ಕ ಮಾಡೋಣ. ಮೂಲ ರಿಮ್ 6 ಜೆ, ಇಟಿ 40 ಎಂದಿಟ್ಟುಕೊಳ್ಳಿ. 6 ಇಂಚು ಅಗಲವೆಂದರೆ 152.4 ಮಿ.ಮೀ., ಅರ್ಧ 76.2. ಹಬ್ಬಿನ ಮುಖದಿಂದ ಒಳಕ್ಕೆ 76.2ಕ್ಕೆ 40 ಕೂಡಿಸಿ 116.2 ಮಿ.ಮೀ., ಹೊರಕ್ಕೆ 40 ಕಳೆದು 36.2 ಮಿ.ಮೀ. ಈಗ ನಿಮಗೆ ಇಷ್ಟವಾದ ರಿಮ್ 7.5 ಜೆ, ಇಟಿ 35. ಅಗಲ 190.5, ಅರ್ಧ 95.25. ಒಳಕ್ಕೆ 130.25, ಹೊರಕ್ಕೆ 60.25. ಅಂದರೆ ಒಳಗೆ ಶಾಕ್ ಅಬ್ಸಾರ್ಬರಿನ ಕಡೆಗೆ 14 ಮಿ.ಮೀ. ಹತ್ತಿರ ಬಂತು, ಹೊರಗೆ ಮಡ್‌ಗಾರ್ಡಿನ ಕಡೆಗೆ 24 ಮಿ.ಮೀ. ಹೋಯಿತು. ಆ 24 ಮಿ.ಮೀ. ಕಾರು ನಿಂತಾಗ ಬಹಳ ಚೆನ್ನಾಗಿ ಕಾಣುತ್ತದೆ. ಐದು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ಹೇರಿ, ಕಾರ್ಕಳದ ದಾರಿಯ ಒಂದು ಹಂಪ್ ಹಾರಿಸಿದಾಗ ಹಿಂದಿನ ಟಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ಮಳೆಗಾಲದಲ್ಲಿ ಕೆಸರೆಲ್ಲ ಬಾಗಿಲಿಗೆ. ಚಕ್ರ ಹೊರಗೆ ಹೋದಷ್ಟೂ ವೀಲ್ ಬೇರಿಂಗಿನ ಮೇಲೆ ಸೆಳೆತ ಹೆಚ್ಚಿ ಅದು ಬೇಗ ಗುಂಯ್‌ಗುಟ್ಟಲು ತೊಡಗುತ್ತದೆ.

ಅದೇ 7 ಜೆ, ಇಟಿ 40 ಆರಿಸಿದರೆ ಒಳಗೂ ಹೊರಗೂ 12.7 ಮಿ.ಮೀ. ಮಾತ್ರ. 215 ಟಯರಿಗೆ 7 ಜೆ ಬಹಳ ಸರಿಯಾದ ಅಗಲ. ಟಯರ್ ಕಂಪೆನಿಗಳು ಪ್ರತಿ ಅಳತೆಗೂ ರಿಮ್ಮಿನ ಅಗಲದ ಮಿತಿ ಕೊಟ್ಟಿರುತ್ತವೆ: 225/45 ಆರ್ 17ಕ್ಕೆ 7ರಿಂದ 8.5 ಜೆ, 225/40 ಆರ್ 18ಕ್ಕೆ 7.5ರಿಂದ 9 ಜೆ. ಕಿರಿದಾದ ಟಯರನ್ನು ಅಗಲದ ರಿಮ್ಮಿಗೆ ಎಳೆದು ಹಾಕುವ ಶೋಕಿ ಬೇಡ. ಆಗ ರಿಮ್ಮಿನ ಅಂಚು ರಬ್ಬರಿಗಿಂತ ಮುಂದಕ್ಕೆ ಚಾಚಿ, ಕಲ್ಸಂಕದ ಟ್ರಾಫಿಕ್ಕಿನಲ್ಲಿ ಡಿವೈಡರಿಗೆ ಮೊದಲು ತಗಲುವುದು ಅದೇ. ಹೆಚ್ಚಾದ ಆಫ್‌ಸೆಟ್ಟನ್ನು ಸ್ಪೇಸರ್ ಹಾಕಿ ತಗ್ಗಿಸುವ ಉಪಾಯವನ್ನೂ ಹೊಸಬರಿಗೆ ನಾನು ಹೇಳಿಕೊಡುವುದಿಲ್ಲ. ಸರಿಯಾದ ಆಫ್‌ಸೆಟ್ಟಿನ ರಿಮ್ ಸಿಗುವವರೆಗೆ ಕಾಯುವುದು ಅಗ್ಗ.

ಬ್ರೇಕ್ ಕ್ಯಾಲಿಪರ್ ರಿಮ್ಮಿನ ಕಡ್ಡಿಗಳಿಗೆ ತಾಗಬಾರದು. ಟಯರ್ ಹಾಕುವ ಮೊದಲೇ ಬರಿಯ ರಿಮ್ಮನ್ನು ಮುಂದಿನ ಹಬ್ಬಿಗೆ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಿ. ಟಯರ್ ಹಾಕಿದ ಮೇಲೆ ರಿಮ್ಮನ್ನು ಯಾವ ಅಂಗಡಿಯವರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಮಾರಾಯ್ರೆ, ಇದನ್ನು ಮರೆಯಬೇಡಿ.

ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ನಿಜವಾದ ಸ್ಪೋರ್ಟ್ಸ್ ಕಾರುಗಳವರಿಗೆ ಒಂದು ಮಾತು. ಈಗಿನ ಪೋರ್ಷೆ 911 ಕರೇರಾಗೆ ಮುಂದೆ 235/40 ಆರ್ 19, ಹಿಂದೆ 295/35 ಆರ್ 20. ಮುಂದಿನದು ಹಿಂದಕ್ಕೆ ಬರುವುದಿಲ್ಲ, ಟಯರ್ ಅದಲುಬದಲು ಮಾಡುವುದೂ ಇಲ್ಲ. ಇಂಥ ಕಾರಿನಲ್ಲಿ ಒಂದು ಕಡೆ ಮಾತ್ರ ಅಳತೆ ಬದಲಾಯಿಸಿದರೆ ತಿರುವಿನಲ್ಲಿ ಕಾರಿನ ಸ್ವಭಾವವೇ ಬದಲಾಗುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಹೊರವ್ಯಾಸದ ಅನುಪಾತ ತಪ್ಪಿದರೆ ನಡುವಿನ ಡಿಫರೆನ್ಶಿಯಲ್ ಸುಮ್ಮನೆ ತೇಯುತ್ತದೆ. ಇಂಥವರು ಕಂಪೆನಿ ಒಪ್ಪಿದ ಅಳತೆಗಳ ಆಚೆ ಹೋಗದಿರುವುದೇ ಲೇಸು.

ಇನ್ನು ಭಾರ. ಟಯರಿನ ಮೇಲೆ ಅಳತೆಯ ಪಕ್ಕ 91ವಿ ಎಂಬಂಥ ಗುರುತಿದೆ. 91 ಎಂದರೆ ಆ ಟಯರ್ 615 ಕೆ.ಜಿ. ಹೊರಬಲ್ಲದು, ವಿ ಎಂದರೆ ಗಂಟೆಗೆ 240 ಕಿ.ಮೀ.ವರೆಗೆ ಯೋಗ್ಯ. ಹೊಸ ಟಯರಿನ ಅಂಕೆ ಮೂಲಕ್ಕಿಂತ ಕಡಿಮೆಯಾಗಬಾರದು. 18 ಇಂಚಿಗೆ ಹೋಗುವವರು ಸಿಕ್ಕಿಬೀಳುವುದು ಇಲ್ಲಿ: 225/40 ಆರ್ 18ರಲ್ಲಿ 88 ಎಂಬ ಗುರುತಿನ ಟಯರೂ ಇದೆ, ಅದು ಹೊರುವುದು 560 ಕೆ.ಜಿ. ಮಾತ್ರ. ಎಕ್ಸ್‌ಎಲ್ ಎಂದು ಬರೆದ 92ರದ್ದು 630 ಕೆ.ಜಿ. ಹೊರುತ್ತದೆ, ಆದರೆ ಅದಕ್ಕೆ ಗಾಳಿ ಸ್ವಲ್ಪ ಹೆಚ್ಚು ಬೇಕು. ರಿಮ್ಮಿನ ಹಿಂದೆಯೂ ಎಷ್ಟು ಕೆ.ಜಿ. ಎಂದು ಕೆತ್ತಿರಬೇಕು, ಒಂದು ಆಕ್ಸಲ್ಲಿನ ಗರಿಷ್ಠ ಭಾರ 900 ಕೆ.ಜಿ. ಆದರೆ ರಿಮ್ಮಿಗೆ ಕನಿಷ್ಠ 450, ಅದರ ಮೇಲೆ ಒಂದಿಷ್ಟು ಹೆಚ್ಚಿಗೆ. ಜಪಾನಿನ ಜೆಡಬ್ಲ್ಯುಎಲ್ ಮತ್ತು ವಿಐಎ ಮುದ್ರೆಗಳಿದ್ದರೆ ಪರೀಕ್ಷೆಗೊಳಪಟ್ಟ ರಿಮ್ ಎಂಬ ಸೂಚನೆ. ಹೆಸರಾಂತ ಬ್ರ್ಯಾಂಡಿನ ವಿನ್ಯಾಸ ಕದ್ದು ಮಾಡಿದ ಅಗ್ಗದ ರಿಮ್‌ಗಳಲ್ಲಿ ಈ ಬರಹಗಳು ಇಲ್ಲದೇ ಹೋಗುತ್ತವೆ, ಅಥವಾ ಅಂಟಿಸಿದ ಚೀಟಿಯಾಗಿರುತ್ತವೆ. ಹೊಂಡಕ್ಕೆ ಬಿದ್ದಾಗ ಒಳ್ಳೆಯ ಫೋರ್ಜ್ಡ್ ರಿಮ್ ಬಾಗುತ್ತದೆ, ಕೆಟ್ಟ ಎರಕದ್ದು ಸೀಳುತ್ತದೆ.

ಕಾಪು, ಮಲ್ಪೆಯವರಿಗೆ ಕಾರ್ಕಳದವರಿಗಿಲ್ಲದ ಒಂದು ತೊಂದರೆ ಇದೆ: ಉಪ್ಪುಗಾಳಿ. ಕಾಪು ದೀಪಸ್ತಂಭದ ಆಸುಪಾಸಿನಲ್ಲಿ, ಮಟ್ಟು ಕಡೆಯ ಸಮುದ್ರ ದಂಡೆಯ ರಸ್ತೆಯಲ್ಲಿ ದಿನವೂ ಓಡುವ, ರಾತ್ರಿ ಅಂಗಳದಲ್ಲೇ ನಿಲ್ಲುವ ಕಾರಿನ ಅಲಾಯ್ ಮೇಲೆ ಉಪ್ಪು ಕೂರುತ್ತಲೇ ಇರುತ್ತದೆ. ಈಗ ಬಹಳ ಓಡುವ ಡೈಮಂಡ್ ಕಟ್ ರಿಮ್‌ಗಳಲ್ಲಿ ಮುಖವನ್ನು ಯಂತ್ರದಲ್ಲಿ ಸವರಿ ಹೊಳಪು ತಂದು ಮೇಲೆ ತೆಳುವಾದ ಪಾರದರ್ಶಕ ಲೇಪ ಕೊಟ್ಟಿರುತ್ತಾರೆ. ಒಂದು ಸಣ್ಣ ಕಲ್ಲು ತಾಗಿ ಆ ಲೇಪ ಚುಕ್ಕೆಯಷ್ಟು ಕಿತ್ತರೂ ಸಾಕು, ಉಪ್ಪುನೀರು ಅಡಿಗೆ ಹೊಕ್ಕು ಬಿಳಿಯ ಎಳೆಎಳೆಯಾಗಿ ಹಬ್ಬುತ್ತದೆ. ಒರೆಸಿದರೆ ಹೋಗುವುದಿಲ್ಲ, ಅದು ಲೇಪದ ಕೆಳಗಿರುತ್ತದೆ. ಕಡಲ ಬದಿಯವರು ಪೂರ್ತಿ ಬಣ್ಣ ಬಳಿದ ಅಥವಾ ಪೌಡರ್ ಕೋಟ್ ಮಾಡಿದ ರಿಮ್ ತೆಗೆದುಕೊಳ್ಳಲಿ. ಬೆಳ್ಳಿ ಅಥವಾ ಬೂದು ಬಣ್ಣ, ನೋಡಲು ಸಾದಾ, ಬಾಳಿಕೆ ಹೆಚ್ಚು. ತೊಳೆಯಲು ಸಿಹಿನೀರು, ಕಾರಿನ ಶಾಂಪೂ ಸಾಕು. ಆ್ಯಸಿಡ್ ಇರುವ ವೀಲ್ ಕ್ಲೀನರ್ ಬೇಡ. ಉಕ್ಕಿನ ಹಬ್ಬಿಗೂ ಅಲ್ಯುಮಿನಿಯಂ ರಿಮ್ಮಿಗೂ ನಡುವೆ ಈ ಉಪ್ಪು ಸೇರಿದರೆ ಎರಡೂ ಕಚ್ಚಿಕೊಂಡು, ಪಂಕ್ಚರ್ ಆದ ದಿನ ಬೋಲ್ಟು ಬಿಚ್ಚಿದರೂ ಚಕ್ರ ಈಚೆಗೆ ಬರುವುದಿಲ್ಲ. ಕೂರಿಸುವಾಗ ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ತೆಗೆದು, ನಡುವಿನ ಬಳೆಯ ಜಾಗಕ್ಕೆ ಮಾತ್ರ ತೆಳುವಾಗಿ ಆ್ಯಂಟಿ-ಸೀಜ್ ಗ್ರೀಸ್ ಸವರಿಸಿ. ಬೋಲ್ಟಿನ ಎಳೆಗೆ ಬೇಡ. ಅಲ್ಲಿ ಜಾರು ಹೆಚ್ಚಾದರೆ ಬಿಗಿತದ ಲೆಕ್ಕ ತಪ್ಪುತ್ತದೆ.

ಬೋಲ್ಟು ಎಂದಾಗ ನೆನಪಾಯಿತು. ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಮೂಲ ಬೋಲ್ಟಿನ ಕುತ್ತಿಗೆ ಗೋಲಿಯ ಹಾಗೆ ದುಂಡಗೆ. ಹೊರಗೆ ಕೊಳ್ಳುವ ಹೆಚ್ಚಿನ ರಿಮ್‌ಗಳ ತೂತು 60 ಡಿಗ್ರಿಯ ಕೊಳವೆಬಾಯಿ, ಅದಕ್ಕೆ ಕುತ್ತಿಗೆ ಚೂಪಾದ ಬೋಲ್ಟೇ ಬೇಕು. ದುಂಡಗಿನದನ್ನು ಇದಕ್ಕೆ ಬಿಗಿದರೆ ತೆಳುವಾದ ಒಂದು ಗೆರೆಯಷ್ಟೇ ತಾಗಿ ನಿಂತಿರುತ್ತದೆ, ಓಡಿದಂತೆ ಸಡಿಲವಾಗುತ್ತದೆ. ಹೊಸ ಬೋಲ್ಟು ಕೊಳ್ಳಿ, ಹಳೆಯದನ್ನು ಬಿಸಾಡಬೇಡಿ: ಡಿಕ್ಕಿಯಲ್ಲಿರುವ ಸ್ಪೇರ್ ಚಕ್ರಕ್ಕೆ ಹೊಂದುವುದು ಹಳೆಯದೇ. ಹೆಜಮಾಡಿ ಟೋಲಿನ ಬಳಿ ನಡುರಾತ್ರಿ ಟಯರ್ ಒಡೆದಾಗ ಆ ಐದು ಬೋಲ್ಟು ಮನೆಯಲ್ಲಿದ್ದರೆ ಸ್ಪೇರ್ ಇದ್ದೂ ಇಲ್ಲದಂತೆ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಈ ಕಾರುಗಳ 14 ಮಿ.ಮೀ. ಬೋಲ್ಟಿಗೆ 120 ನ್ಯೂಟನ್ ಮೀಟರ್. ಗಾಳಿಯ ಗನ್ನಿನಲ್ಲಿ ಕಟಕಟ ಎನಿಸಿ ಬಿಡುವುದಕ್ಕೆ ಒಪ್ಪಬೇಡಿ. ಐವತ್ತು ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.

ಕಾನೂನನ್ನೂ ತಿಳಿದಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ಮಾದರಿಯ ಮೇಲಿನ ವೇರಿಯಂಟಿಗೆ ಕಂಪೆನಿ ಕೊಡುವ ಅಳತೆಯಾದರೆ ನಿಮ್ಮ ಕಾಲಡಿ ನೆಲ ಗಟ್ಟಿ. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟಯರಿಗೆ ಯಾವ ಸಮರ್ಥನೆಯೂ ಇಲ್ಲ. ತಲಪಾಡಿ ದಾಟಿ ಕಾಸರಗೋಡಿಗೆ ಹೋಗಿಬರುವವರು ಇನ್ನೂ ಎಚ್ಚರವಾಗಿರಬೇಕು, ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಬಿಗಿ. ವಿಮೆ ಕಂಪೆನಿಗೆ ಹೊಸ ಚಕ್ರದ ಬಿಲ್ಲು ಸಮೇತ ತಿಳಿಸಿ, ಲಿಖಿತ ಉತ್ತರ ಪಡೆದುಕೊಳ್ಳಿ.

ಹಾಕಿಸಿದ ದಿನ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಆದ ಮೇಲೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಿಯೂ ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಗಾಳಿಯ ಒತ್ತಡದ ಎಚ್ಚರಿಕೆ ಇರುವ ಕಾರಾದರೆ ಅದನ್ನು ರೀಸೆಟ್ ಮಾಡಿಸಿ. ಟಯರಿನ ಪಕ್ಕೆಯ ನಾಲ್ಕಂಕಿಯ ತಯಾರಿಕಾ ಗುರುತನ್ನೂ ನೋಡಿ, 2324 ಎಂದಿದ್ದರೆ 2024ರ 23ನೇ ವಾರದ್ದು. ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಸಲ ಹಂಪ್ ಇರುವ ದಾರಿಯಲ್ಲಿ ನಿಧಾನ ಹೋಗಿ ಬಂದು, ಮಡ್‌ಗಾರ್ಡಿನ ಒಳಗೆ ಟಾರ್ಚ್ ಹಾಕಿ ಹೊಸ ಗೀರುಗಳನ್ನು ಹುಡುಕಿ.

ಹಳೆಯ 16 ಇಂಚಿನ ಚಕ್ರಗಳನ್ನು ಅಂಗಡಿಯವರು ಬದಲಿಗೆ ಕೊಡಿ, ರೇಟು ಕಡಿಮೆ ಮಾಡುತ್ತೇನೆ ಎನ್ನುತ್ತಾರೆ. ಕೊಡಬೇಡಿ. ಜೂನ್ ಮೊದಲ ವಾರ ಅವನ್ನೇ ಹಾಕಿ, ಅಕ್ಟೋಬರಿನಲ್ಲಿ ಹೊಸದನ್ನು ಏರಿಸಬಹುದು. ಜಾಗವಿದ್ದವರಿಗೆ ನಮ್ಮ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಒಳಗಿಡುವ ಮೊದಲು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಗಾಳಿ ಅರ್ಧ ಇಳಿಸಿ, ನೆಲಕ್ಕೆ ತಾಗದಂತೆ ಒಂದು ಹಲಗೆಯ ಮೇಲೆ ಒಂದರ ಮೇಲೊಂದು ಮಲಗಿಸಿ. ಯಾವುದು ಎಡ, ಯಾವುದು ಬಲ, ಯಾವುದು ಮುಂದೆ ಎಂದು ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದಿಡಿ.